ಎಣ್ಣೆ ಮುಖಕ್ಕೆಂದು ನಾನು ಬೆರೆಸಿದ ಹಿಟ್ಟು

ಮೊಮ್ಮಗಳೇ, ಕಳೆದ ದೀಪಾವಳಿಗೆ ಬಂದಾಗ ನೀನು ಕಟ್ಟೆಯ ಮೇಲೆ ಕುಳಿತು, "ಆಯಿ, ನೀ ಸಂಘದಾಗ ಮುಖಕ್ಕ ಹಚ್ಚೂ ಹಿಟ್ಟು ಮಾಡತಿದ್ದೆಂತಲ್ಲ, ನನಗೂ ಒಂದೀಟು ಮಾಡಿಕೊಡ. ಈ ಮೊಡವಿ ಕಾಟ ಸಾಕಾಗೇತಿ" ಎಂದು ಕೇಳಿದೆ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಹೇಳಿ ನಾನು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ಆಯಿ ಸಿಟ್ಟಾದಳೆಂದು ನೀನು ತಿಳಿದಿರಬೇಕು. ಸಿಟ್ಟಲ್ಲ. ಎದುರಿಗೆ ಕುಳಿತು ಹೇಳುವಷ್ಟು ಬಾಯಿ ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ತಮ್ಮನಿಗೂ ಓದಲು ಕೊಡು. ಅವನ ಮುಖಕ್ಕೂ ಜಿಡ್ಡು ಬರುವ ವಯಸ್ಸಾಯಿತು.

ಸಂಪಗಾಂವದ ನಮ್ಮ ಸಂಘದ್ದು ಬೇಸಿಗೆಯಲ್ಲಿ ಹಪ್ಪಳದ ಕೆಲಸ. ಮಳೆಗಾಲ ಬಂದರೆ ಹಪ್ಪಳ ಒಣಗುವುದಿಲ್ಲ, ಹದಿನಾಲ್ಕು ಹೆಂಗಸರು ಸುಮ್ಮನೆ ಕೂರಬೇಕು. ಆ ವರ್ಷ ಸಂಘದ ಅಧ್ಯಕ್ಷೆ ಒಂದು ವಿಚಾರ ತಂದಳು. ಆಕೆ ನನಗಿಂತ ಹದಿನೈದು ವರ್ಷ ಚಿಕ್ಕವಳು, ಗಟ್ಟಿ ದನಿ, ನಗು ಜಾಸ್ತಿ.

"ನಮ್ಮ ಅವ್ವಗೋಳು ಕಡ್ಲಿಹಿಟ್ಟು ಹಚ್ಚಿ ಮುಖ ತೊಳಕೋತಿದ್ರು. ಈಗ ಅದನ್ನಾ ಚೀಲದಾಗ ಹಾಕಿ ಕೊಟ್ರ ಕಾಲೇಜ ಹುಡುಗ್ಯಾರು ತಗೋತಾರ. ಅಕ್ಕಾರ, ಅಳತಿ ನಿಮ್ಮದು. ನಿಮ್ಮ ಕೈಯಾಗ ಹದ ಐತಿ" ಎಂದಳು.

ನಾನು ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ನಾನು ಸುಮ್ಮನಿದ್ದರೆ ಒಪ್ಪಿದಳೆಂದೇ ಅಲ್ಲಿ ಲೆಕ್ಕ.

ಕಡಲೆಬೇಳೆ ಎರಡು ಪಾಲು, ಹೆಸರುಬೇಳೆ ಒಂದು ಪಾಲು. ಎರಡನ್ನೂ ಹಂಚಿನ ಮೇಲೆ ಬೆಚ್ಚಗೆ ಮಾಡಿ, ಬಣ್ಣ ತಿರುಗುವ ಮೊದಲೇ ಇಳಿಸಬೇಕು. ಬೇವಿನ ಎಲೆಯನ್ನು ನೆರಳಲ್ಲೇ ಒಣಗಿಸಬೇಕು. ಕಸ್ತೂರಿ ಅರಿಶಿನ ಒಂದು ಚಿಟಿಕೆ. ಗಿರಣಿಯಲ್ಲಿ ಬೀಸಿಸಿ, ತೆಳು ಬಟ್ಟೆಯಲ್ಲಿ ಎರಡು ಸಲ ಜರಡಿ. ಮೊದಲ ಸಲ ಬೀಸಿಸಿದ ಹಿಟ್ಟನ್ನು ಪೂರಾ ಚೆಲ್ಲಬೇಕಾಯಿತು, ಏಕೆಂದರೆ ನಮಗಿಂತ ಮೊದಲು ಗಿರಣಿಯವನು ಮೆಣಸಿನಕಾಯಿ ಬೀಸಿದ್ದ. ಅಧ್ಯಕ್ಷೆ ಮುಖಕ್ಕೆ ಹಚ್ಚಿಕೊಂಡು ಅಂಗಳದ ತುಂಬ ಓಡಾಡಿದಳು. "ಮುಖ ತೊಳಿಯೂ ಹಿಟ್ಟಲ್ಲವಾ ಇದು, ರೊಟ್ಟಿ ಜೋಡಿ ತಿನ್ನೂ ಜುಣಕದ ಹಿಟ್ಟು" ಎಂದು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಂದಿನಿಂದ ಗಿರಣಿಯಲ್ಲಿ ಜೋಳ ಬೀಸಿದ ಮೇಲೆಯೇ ನಮ್ಮ ಸರದಿ ಎಂದು ನಾನೇ ಹೋಗಿ ನಿಲ್ಲುತ್ತಿದ್ದೆ. ಅಷ್ಟು ಎಚ್ಚರ ಇದ್ದವಳು ನಾನು.

ಲಟ್ಟಿಸುವಾಗ ನನ್ನ ಮಗ್ಗುಲಲ್ಲಿ ಕೂರುತ್ತಿದ್ದವಳ ಮಗಳು ಬೈಲಹೊಂಗಲದಲ್ಲಿ ಬಿ.ಎಡ್. ಓದುತ್ತಿದ್ದಳು. ಒಳ್ಳೆಯ ಹುಡುಗಿ, ಹಣೆ ಮತ್ತು ಗಲ್ಲದ ತುಂಬ ಮೊಡವೆ. ದಿನಕ್ಕೆ ಐದಾರು ಸಲ ಸಾಬೂನು ಹಚ್ಚಿ ತೊಳೆಯುತ್ತಿದ್ದಳು. ಆದರೂ ಬಸ್ಸು ಬೈಲಹೊಂಗಲ ಮುಟ್ಟುವಷ್ಟರಲ್ಲಿ ಮುಖ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಇನ್ನೊಂದು ತಿಂಗಳಿಗೆ ಅವಳು ಒಂದು ಶಾಲೆಗೆ ಹೋಗಿ ಪಾಠ ಮಾಡಿ ತೋರಿಸಬೇಕಿತ್ತು. ನಮ್ಮ ಹಿಟ್ಟನ್ನು ಒಂದು ವಾರ ಹಚ್ಚಿ ನನ್ನ ಬಳಿಗೆ ಬಂದಳು.

"ಚಲೋ ಐತಿ ಆಯಿ, ಆದ್ರ ಮಧ್ಯಾಹ್ನ ಅನ್ನೂದ್ರಾಗ ಮತ್ತ ಎಣ್ಣಿ ಬರತೈತಿ. ಆ ಸಾಲಿ ಹುಡುಗೂರು ಭಾಳ ಕೆಟ್ಟ ಅದಾವು. ಹೋದ ಬ್ಯಾಚಿನ ಒಬ್ಬಾಕಿಗೆ ಮೊಡವಿ ಟೀಚರ್ ಅಂತ ಹೆಸರಿಟ್ಟಾರ. ಎಣ್ಣಿ ಕಿತ್ತು ಹೋಗೂವಂಗ ಏನರ ಮಾಡಿಕೊಡ್ರಿ."

ಯಾರೂ ನನ್ನನ್ನು ಹಾಗೆ ನಂಬಿ ಏನನ್ನೂ ಕೇಳಿರಲಿಲ್ಲ. ಎರಡು ದಿನ ಅದನ್ನೇ ಯೋಚಿಸಿದೆ. ಹಪ್ಪಳದ ಹಿಟ್ಟಿಗೆ ನಾವು ಪಾಪಡಖಾರ ಹಾಕುತ್ತೇವೆ. ಹೆಸರಲ್ಲಿ ಖಾರ ಇದ್ದರೂ ಅದು ಮೆಣಸಿನದಲ್ಲ, ಉಪ್ಪಿನಂಥ ಬಿಳಿ ಪುಡಿ, ಒಂದು ಬಗೆಯ ಸೋಡಾ. ಅದು ಕಡಿಮೆಯಾದರೆ ಕರಿಯುವಾಗ ಹಪ್ಪಳ ಎಣ್ಣೆ ಕುಡಿಯುತ್ತದೆ, ಸರಿಯಾಗಿದ್ದರೆ ಎಣ್ಣೆ ಬಿಟ್ಟು ಗರಿಗರಿಯಾಗಿ ಏಳುತ್ತದೆ. ಇಪ್ಪತ್ತು ವರ್ಷ ಹಪ್ಪಳ ಮಾಡಿದವಳ ತಲೆಯಲ್ಲಿ ಬೇರೆ ಏನು ಬರಬೇಕು? ಹಪ್ಪಳದ ಎಣ್ಣೆ ಬಿಡಿಸುವುದು ಮುಖದ ಎಣ್ಣೆಯನ್ನೂ ಬಿಡಿಸುತ್ತದೆ ಎಂದುಕೊಂಡೆ. ಹಪ್ಪಳಕ್ಕೆ ಹಾಕುವುದಕ್ಕಿಂತ ದುಪ್ಪಟ್ಟು ಬೆರೆಸಿದೆ. ಯಾರನ್ನೂ ಕೇಳಲಿಲ್ಲ. ನೀರಲ್ಲಿ ಕಲಸಿ ನನ್ನ ಎಡಗೈ ಮೇಲೆ ಅರ್ಧ ತಾಸು ಬಿಟ್ಟು ನೋಡಿದೆ. ಏನೂ ಆಗಲಿಲ್ಲ. ಉರಿಯಿಲ್ಲ, ಕೆಂಪಿಲ್ಲ. ಸಮಾಧಾನವಾಗಿ ಪೊಟ್ಟಣ ಕಟ್ಟಿ ಕೊಟ್ಟೆ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ, ಒಣಗುವ ತನಕ ಬಿಟ್ಟು ತಿಕ್ಕಿ ತೊಳಿ ಎಂದೆ.

ಮೂರನೆಯ ದಿನ ಅವಳು ಓಡುತ್ತ ಬಂದಳು. "ಆಯಿ, ನೋಡ್ರಿ, ಹನಿ ಎಣ್ಣಿ ಇಲ್ಲ! ಒಂದೀಟು ಚುರುಚುರು ಅಂತೈತಿ ಅಷ್ಟ."

"ಚುರುಚುರು ಅಂದ್ರ ಕೆಲಸಾ ಮಾಡಾಕತ್ತೇತಿ. ಬಿಡಬ್ಯಾಡ" ಎಂದೆ. ಈ ಮಾತು ಆಡಿದವಳು ನಾನೇ.

ಅಧ್ಯಕ್ಷೆ ಆ ಮುಖ ನೋಡಿದ್ದೇ ತಡ, ಒಳಗೆ ಏನಿದೆಯೆಂದೂ ಕೇಳದೆ ಅದೇ ಅಳತೆಯಲ್ಲಿ ನನ್ನಿಂದ ಮೂವತ್ತು ಚೀಲ ಮಾಡಿಸಿದಳು. 'ಎಣ್ಣೆ ಮುಖಕ್ಕೆ' ಎಂದು ಹಸಿರು ಚೀಟಿ ಅಂಟಿಸಿ, ಕಿತ್ತೂರು, ಸವದತ್ತಿ, ರಾಮದುರ್ಗದ ಒಂದೊಂದು ಅಂಗಡಿಗೆ ಹತ್ತು ಹತ್ತು ಕಳಿಸಿದಳು.

ಹತ್ತನೆಯ ದಿನ ಹುಡುಗಿ ಬಸ್ಸಿಗೆ ಬರಲಿಲ್ಲ. ಅವಳ ತಾಯಿಯೂ ಕೆಲಸಕ್ಕೆ ಬರಲಿಲ್ಲ. ನಾನು ಮನೆಗೆ ಹೋದೆ. ಹುಡುಗಿ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಾಯಿ ಭುಜ ಹಿಡಿದು ತಿರುಗಿಸಿದಳು. ಎರಡೂ ಗಲ್ಲದ ಮೇಲ್ಪದರ ಸುಲಿದು ಕೆಂಪಾಗಿ, ಅಲ್ಲಲ್ಲಿ ನೀರು ಒಸರುತ್ತಿತ್ತು. ಕಣ್ಣಿನ ಕೆಳಗೆ ಬಾತಿತ್ತು. ಉರಿ ಶುರುವಾದ ಮೇಲೂ ನಾಲ್ಕು ದಿನ ಹಚ್ಚಿದ್ದಳು, ನಾನು ಬಿಡಬೇಡ ಎಂದಿದ್ದೆನಲ್ಲ.

ಮರುದಿನ ಸಂಘದ ಸಭೆಯಲ್ಲಿ ಮಾತು ಎದ್ದಿತು. "ಇಷ್ಟ ಮಂದಿ ಹಚ್ಕೊಂಡ್ರೂ ಏನೂ ಆಗಿಲ್ಲ. ಆಕಿ ಮೊಬೈಲ್ ನೋಡಿ ಏನೇನರ ಕ್ರೀಮ್ ತರಸ್ತಾಳ, ಅದರಿಂದಾನ ಆಗಿರಬೇಕು" ಎಂದಳು ಅಧ್ಯಕ್ಷೆ. ಇತರರು ಪಾಪಡಖಾರ ಇಲ್ಲದ ಮೊದಲಿನ ಹಿಟ್ಟನ್ನು ಹಚ್ಚಿದವರು. ಅದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ತಾಯಿ ಬಾಗಿಲ ಬಳಿ ಕುಳಿತು ನೆಲ ನೋಡುತ್ತಿದ್ದಳು. ನಾನೂ ನೆಲ ನೋಡಿದೆ. ಸಭೆ ಮುಗಿಯಿತು. ಹುಡುಗಿಯದೇ ತಪ್ಪು ಎಂದು ತೀರ್ಮಾನವಾಯಿತು.

ಎರಡು ದಿನ ನಾನು ಮನೆಯಿಂದ ಹೊರಗೆ ಕಾಲಿಡಲಿಲ್ಲ. ನನ್ನದು ಮೊದಲಿಂದಲೂ ನಾಚಿಕೆಯ ಸ್ವಭಾವ ಎಂದು ಮನೆಯವರೆಲ್ಲ ಮೆಚ್ಚುತ್ತಿದ್ದರು. ಆ ಎರಡು ದಿನ ಅದು ನಾಚಿಕೆಯಾಗಿರಲಿಲ್ಲ, ಬರೀ ಹೆದರಿಕೆ. ಮೂರನೆಯ ದಿನ ಮುಂಜಾನೆ ಅವರ ಮನೆಗೆ ಹೋದೆ. ತಾಯಿ ಅಂಗಳ ಕಸ ಗುಡಿಸುತ್ತಿದ್ದಳು.

"ನಾ ಅದರಾಗ ಪಾಪಡಖಾರ ಹಾಕಿದ್ದೆ" ಎಂದೆ.

ಅವಳು ಗುಡಿಸುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತ್ರಿ. ಡಬ್ಬಿಗೆ ಕೈ ಹಾಕಿದ್ದು ನೋಡೇನಿ ನಾ. ನೀವು ಯಾವಾಗ ಹೇಳ್ತೀರಿ ಅಂತ ಕಾಯಾಕತ್ತಿದ್ದೆ."

"ಮತ್ತ ಸಭಾದಾಗ ಯಾಕ ಹೇಳಲಿಲ್ಲ ನೀ?"

"ನಾ ಹೇಳಿದ್ರ ಜಗಳ ಆಕ್ಕೈತಿ. ನೀವು ಹೇಳಿದ್ರ ಖರೆ ಆಕ್ಕೈತಿ."

ಅವತ್ತೇ ಮೂವರೂ ಧಾರವಾಡದ ಬಸ್ಸು ಹಿಡಿದು ಚರ್ಮದ ಡಾಕ್ಟರ ಬಳಿಗೆ ಹೋದೆವು. ಡಾಕ್ಟರು ಹೆಣ್ಣುಮಗಳು. ಹುಡುಗಿಯ ಮುಖ ನೋಡಿ ಏನು ಹಚ್ಚಿದ್ದೆ ಎಂದು ಕೇಳಿದರು. ಹುಡುಗಿ ನನ್ನ ಕಡೆ ನೋಡಿದಳು. ನಾನು ಅಳತೆ ಸಮೇತ ಹೇಳಿದೆ.

"ಹಚ್ಚೂ ಮೊದಲು ಎಲ್ಲಿ ಹಚ್ಚಿ ನೋಡಿದ್ರಿ ಅಮ್ಮಾ?"

ಎಡಗೈ ಮುಂದೆ ಮಾಡಿದೆ. ಅವರು ಅದನ್ನು ಹಿಡಿದು, ಹಿಂದೆ ಮುಂದೆ ತಿರುಗಿಸಿ, ಬೆರಳಿನಿಂದ ಒತ್ತಿದರು. "ಎಷ್ಟು ವರ್ಷ ಆತು ಹಪ್ಪಳ ಮಾಡಾಕ ಹತ್ತಿ?"

"ಇಪ್ಪತ್ತು."

"ಇದು ಇಪ್ಪತ್ತು ವರ್ಷ ಅದಾ ಸೋಡಾದಾಗ ನೆನೆದ ಕೈ. ಇದರ ಚರ್ಮ ಯಾವಾಗೋ ದಪ್ಪ ಆಗಿ ಬಿರಸಾಗೇತಿ. ಈ ಕೈಗೆ ಏನೂ ಗೊತ್ತಾಗೂದಿಲ್ಲ. ಈ ಕೈ ನಂಬಿ ಆ ಮುಖಕ್ಕ ಹಚ್ಚಿದ್ರಿ."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಆಮೇಲೆ ಹುಡುಗಿಗೆ ಹೇಳಿದ್ದನ್ನು ನಾನು ಬಾಯಿಪಾಠ ಮಾಡಿಕೊಂಡೆ, ನಿನಗಾಗಿ ಇಲ್ಲಿ ಬರೆಯುತ್ತೇನೆ. ಮುಖದ ಎಣ್ಣೆ ಕೊಳೆಯಲ್ಲ, ಚರ್ಮಕ್ಕೆ ಅದು ಬೇಕು. ಅದನ್ನು ಪೂರ್ತಿ ಕಿತ್ತು ತೆಗೆದರೆ ಚರ್ಮ ಕೆರಳುತ್ತದೆ, ಮೊಡವೆ ಇನ್ನೂ ಕೆಡುತ್ತದೆ. ತೊಳೆದ ಮೇಲೆ ಮುಖ ಬಿಗಿದುಕೊಂಡರೆ ಅದು ಸ್ವಚ್ಛವಾದ ಗುರುತಲ್ಲ, ತಪ್ಪು ಸಾಮಾನು ಹಚ್ಚಿದ ಗುರುತು. ಸಾಬೂನು ಇಲ್ಲದ, ನೊರೆ ಕಡಿಮೆ ಇರುವ, ವಾಸನೆಯಿಲ್ಲದ ಫೇಸ್‌ವಾಶ್ ತೆಗೆದುಕೊಳ್ಳಬೇಕು. ಒಳಗೆ ತಿಕ್ಕುವ ಕಾಳು ಇರಬಾರದು. ದಿನಕ್ಕೆ ಎರಡು ಸಲ, ಬಹಳ ಬೆವತರೆ ಇನ್ನೊಂದು ಸಲ, ಬೆರಳ ತುದಿಯಿಂದ ಮಾತ್ರ, ಬಿಸಿ ನೀರು ಬೇಡ. ಟವೆಲಿನಿಂದ ತಿಕ್ಕದೆ ಒತ್ತಿ ಒರೆಸಬೇಕು. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿಯಬಾರದು. ಮೊಡವೆಗೆಂದೇ ಸ್ಯಾಲಿಸಿಲಿಕ್ ಆಮ್ಲ ಇರುವ ಫೇಸ್‌ವಾಶ್ ಬರುತ್ತದೆ, ಒಳ್ಳೆಯದೇ, ಆದರೆ ಈ ಸುಟ್ಟ ಚರ್ಮ ಮಾಯುವ ತನಕ ಅದನ್ನು ಮುಟ್ಟುವಂತಿಲ್ಲ, ಕಲೆ ಹೋಗುವ ತನಕ ಬಿಸಿಲೂ ತಾಗಬಾರದು. ಹೊಸದು ಯಾವುದೇ ಇರಲಿ, ಮೊದಲು ದವಡೆಯ ಅಂಚಿಗೆ ಒಂದಿಷ್ಟು ಹಚ್ಚಿ ಕೆಲವು ದಿನ ನೋಡಬೇಕು. ಉರಿದರೆ ಬಿಡಬೇಕು.

ಔಷಧಿ ಬರೆದು ಮುಗಿಸಿ ಡಾಕ್ಟರು ಪೆನ್ನು ಕೆಳಗಿಟ್ಟರು. "ಈ ಹಿಟ್ಟು ಬ್ಯಾರೆ ಯಾರಿಗರ ಕೊಟ್ಟೀರೇನು?"

ಮೂವತ್ತು ಚೀಲ.

ಊರಿಗೆ ಬಂದು ಅಧ್ಯಕ್ಷೆಯ ಮನೆಗೆ ಹೋಗಿ, ಚೀಲ ಹಿಂದೆ ತರಿಸಬೇಕು ಎಂದೆ. ಆಕೆಯ ನಗು ಹೋಯಿತು. "ಸಂಘದ ಹೆಸರು ಹಾಳಾಕ್ಕೈತಿ ಅಕ್ಕಾರ. ನಾಳೆ ನಮ್ಮ ಹಪ್ಪಳಾನೂ ಯಾರೂ ಮುಟ್ಟೂದಿಲ್ಲ. ಫೋನ್ ಮಾಡಿ, ಸದ್ಯಕ್ಕ ಮಾರಬ್ಯಾಡ್ರಿ ಅಂತ ಹೇಳತೇನಿ, ಆತಿಲ್ಲೋ?"

"ಫೋನ್ ಮಾಡಿದ್ರ ಚೀಲ ಅಂಗಡ್ಯಾಗ ಇರತಾವು."

"ಅಕ್ಕಾರ, ನೀವು ಹಿಂಗ ಎದುರು ಮಾತಾಡಾಕಿ ಅಲ್ಲ."

ನಾನು ಹಾಗೆ ಮಾತಾಡುವವಳಾಗಿರಲಿಲ್ಲ, ನಿಜ. ಒಬ್ಬಳೇ ಬಸ್ಸು ಹತ್ತಿ ಗುರುತಿಲ್ಲದ ಊರಿಗೆ ಹೋದವಳೂ ಅಲ್ಲ. ಮರುದಿನ ಒಂದು ಕೈಚೀಲ ಹಿಡಿದು ಬೈಲಹೊಂಗಲಕ್ಕೆ ಹೋಗಿ, ಅಲ್ಲಿಂದ ಕಿತ್ತೂರಿನ ಬಸ್ಸು ಹತ್ತಿದೆ.

ಕಿತ್ತೂರಿನಲ್ಲಿ ಫೋನ್ ಬಂದ ಮೇಲೂ ಹಸಿರು ಚೀಟಿ ಎದುರಿಗೇ ನೇತಾಡುತ್ತಿತ್ತು. "ಮಾರಬ್ಯಾಡ್ರಿ ಅಂದ್ರು, ತಗೀರಿ ಅನಲಿಲ್ಲ" ಎಂದ ಅಂಗಡಿಯವನು. ಒಂಬತ್ತು ಚೀಲ ಸಿಕ್ಕವು. ಹತ್ತನೆಯದನ್ನು ಅವನ ಹೆಂಡತಿ ಒಡೆದು ಒಮ್ಮೆ ಹಚ್ಚಿ, ಉರಿಯಿತೆಂದು ಮೂಲೆಗೆಸೆದಿದ್ದಳು. ಆಕೆ ಒಳಗಿನಿಂದ ಅದನ್ನೂ ತಂದುಕೊಟ್ಟು, "ನನ್ನ ಮುಖಕ್ಕ ಯಾಕ ಸಿಟ್ಟಾಗಿದ್ರಿ?" ಎಂದಳು. ನಾನು ಅವಳ ಮುಖ ನೋಡಿದೆ. ಏನೂ ಆಗಿರಲಿಲ್ಲ. ಕೈಚೀಲ ಎತ್ತಿಕೊಂಡು ಸವದತ್ತಿಯ ಬಸ್ಸಿಗೆ ನಡೆದೆ.

ಸವದತ್ತಿಯಲ್ಲಿ ಬಳೆ ಅಂಗಡಿಯ ಹೆಂಗಸು ಹತ್ತೂ ಚೀಲ ಕೊಟ್ಟಳು. "ಮಾಲು ಮಾರ್ರಿ ಅಂತ ಬೆನ್ನ ಹತ್ತೂ ಮಂದೀನ ದಿನಾ ನೋಡತೇನಿ. ಮಾರಬ್ಯಾಡ್ರಿ ಅಂತ ಬಸ್ ಹತ್ತಿ ಬಂದಾಕಿ ನೀವಾ ಮೊದಲು. ಕುಂತ್ಕೋರಿ ಅವ್ವಾರ, ಚಹಾ ಕುಡೀರಿ." ಕುಳಿತರೆ ಬಸ್ಸು ತಪ್ಪುತ್ತಿತ್ತು.

ರಾಮದುರ್ಗದ ಅಂಗಡಿ ಬಸ್ ನಿಲ್ದಾಣದ ಎದುರಿಗೇ ಇತ್ತು. ಅಲ್ಲಿ ಎಂಟು ಉಳಿದಿದ್ದವು. "ಎರಡು ಹೋದವ್ರಿ, ಫೋನ್ ಬರೂ ಮೊದಲ. ಒಂದು ನೇಕಾರ ಓಣ್ಯಾಗ ಕಟ್ಟಕಡೀ ಮನಿಗೆ" ಎಂದ ಅಂಗಡಿಯವನು. ನಾನು ಓಣಿ ಕೇಳಿಕೊಂಡು ನಡೆದೆ. ಎರಡೂ ಕಡೆ ಮಗ್ಗದ ಸದ್ದು, ನಾನು ಕೂಗಿದ್ದು ನನಗೇ ಕೇಳುತ್ತಿರಲಿಲ್ಲ. ಒಬ್ಬ ದಪ್ಪ ಹೆಂಗಸು ಹೊರಬಂದಳು.

"ಆ ಹಿಟ್ಟು ಮುಖಕ್ಕ ಹಚ್ಚೀರೇನ್ರಿ?" ಎಂದು ಕೂಗಿ ಕೇಳಿದೆ.

"ಇಲ್ಲವಾ, ಕೈಗೆ ಉರೀತು. ಇಂಥಾದ್ದು ಮುಖಕ್ಕ ಯಾರು ಹಚ್ಚತಾರಂತ ತಾಮ್ರದ ಕೊಡಾ ತಿಕ್ಕಿದೆ. ಏನ ಹೊಳಪಂತಿ! ಇನ್ನೆರಡು ಚೀಲ ಇದ್ರ ಕೊಟ್ಟ ಹೋಗ."

ಅವಳ ಕಟ್ಟೆಯ ಮೇಲೆ ಕುಳಿತು ನಾನು ನಕ್ಕೆ. ನಗುತ್ತ ನಗುತ್ತ ಅಳು ಬಂತು. ಅವಳು ಏನೂ ಕೇಳದೆ ನೀರು ಕೊಟ್ಟಳು. ಅರ್ಧ ಉಳಿದಿದ್ದ ಚೀಲವನ್ನು ಇಸಿದುಕೊಂಡೆ.

ತಿರುಗಿ ಬಂದು ಇನ್ನೊಂದು ಚೀಲದ ಬಗ್ಗೆ ಅಂಗಡಿಯವನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡ. "ಬಸ್ಸಿಗೆ ನಿಂತಿದ್ದ ಹುಡುಗಿರಿ. ಹದಿನೆಂಟೋ ಇಪ್ಪತ್ತೋ. ಮುಖದ ತುಂಬ ಮೊಡವಿ ಇದ್ದೂವು, ಅದಕ್ಕ ನಾನಾ ಕರದು ಕೊಟ್ಟೆ. ಯಾ ಊರಾಕೆಂತ ಕೇಳಲಿಲ್ಲ ಬಿಡ್ರಿ."

ನನ್ನೂರ ಕಡೆಯ ಕೊನೆಯ ಬಸ್ಸು ಬರುವ ತನಕ ನಿಲ್ದಾಣದಲ್ಲಿ ನಿಂತೆ. ಬಂದ ಬಸ್ಸುಗಳಿಂದ ಇಳಿದ ಪ್ರತಿ ಹುಡುಗಿಯ ಮುಖ ನೋಡಿದೆ. ಒಬ್ಬಳು, "ಯಾಕಮ್ಮಾ ಹಂಗ ನೋಡ್ತೀರಿ?" ಎಂದು ಸಿಡುಕಿದಳು. ಅಂಗಡಿಯವನಿಗೆ ನಮ್ಮ ಫೋನ್ ನಂಬರ್ ಬರೆದುಕೊಟ್ಟು, ಅವಳು ಮತ್ತೆ ಬಂದರೆ ಹೇಳು ಎಂದು ಕೈಮುಗಿದೆ. ಇವತ್ತಿನವರೆಗೆ ಫೋನ್ ಬಂದಿಲ್ಲ. ಇಪ್ಪತ್ತೊಂಬತ್ತು ಚೀಲ ಸಿಕ್ಕವು, ಒಂದು ಸಿಗಲಿಲ್ಲ.

ಮುಂದಿನ ಸಭೆಯಲ್ಲಿ ಎದ್ದು ನಿಂತು ಹೇಳಿದೆ. "ಹುಡುಗಿ ಬ್ಯಾರೆ ಏನೂ ಹಚ್ಚಿಲ್ಲ. ಪಾಪಡಖಾರ ಹಾಕಿದಾಕಿ ನಾನು. ಬಿಡಬ್ಯಾಡ ಅಂದಾಕಿನೂ ನಾನಾ." ಹಿಟ್ಟಿನ ಕೆಲಸ ಅಲ್ಲಿಗೇ ನಿಂತಿತು. ಹೆಂಗಸರ ಮಳೆಗಾಲದ ದುಡಿಮೆ ಹೋಯಿತು. ಅಧ್ಯಕ್ಷೆ ಆ ಹಂಗಾಮು ಪೂರ್ತಿ ನನ್ನೊಡನೆ ಮಾತಾಡಲಿಲ್ಲ.

ಡಾಕ್ಟರು ಬರೆದ ಫೇಸ್‌ವಾಶ್ ಕೊಳ್ಳಲು ನಾನೂ ಹುಡುಗಿಯೂ ಬೈಲಹೊಂಗಲಕ್ಕೆ ಹೋದೆವು. ಮೊದಲ ಔಷಧಿ ಅಂಗಡಿಯಲ್ಲಿ ಅದು ಇರಲಿಲ್ಲ. ಅವನು ಬೇರೊಂದು ತೆಗೆದಿಟ್ಟ. "ಅದಕ್ಕಿಂತ ಸ್ಟ್ರಾಂಗ್ ಐತ್ರಿ ಇದು. ಒಳಗ ಕಾಳಿನಂಥಾದ್ದು ಇರತೈತಿ, ಎಣ್ಣಿ ಕಿತ್ತ ತಗೀತೈತಿ." ಇಂಥದೇ ಮಾತನ್ನು ನಾನೂ ಆಡಿದವಳು. ಕೊಟ್ಟದ್ದನ್ನು ಸುಮ್ಮನೆ ತೆಗೆದುಕೊಂಡು ಬರುವುದು ನನ್ನ ರೂಢಿ. ಅವತ್ತು, "ಬ್ಯಾಡ್ರಿ" ಎಂದೆ. ಎರಡನೆಯ ಅಂಗಡಿಯಲ್ಲೂ ಇಲ್ಲ. ಮೂರನೆಯದರಲ್ಲಿ ಸಿಕ್ಕಿತು. ನನಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಹುಡುಗಿಯಿಂದ ಟ್ಯೂಬಿನ ಹಿಂದಿನ ಸಣ್ಣ ಅಕ್ಷರವನ್ನೆಲ್ಲ ಓದಿಸಿದೆ. ಸಾಬೂನು ಐತೇನು? ಇಲ್ಲ. ವಾಸನಿ? ಇಲ್ಲ. ಕಾಳು? ಇಲ್ಲ ಆಯಿ. ಹಿಂದೆ ನಿಂತ ಗಿರಾಕಿಗಳು ಗೊಣಗಿದರು. ಮತ್ತೊಮ್ಮೆ ಓದಿಸಿದೆ.

ಗಾಯ ಮಾಯಲು ಐದು ವಾರ ಹಿಡಿಯಿತು. ಮಾಯ್ದ ಜಾಗದಲ್ಲಿ ಕಪ್ಪು ಉಳಿಯಿತು, ಎರಡೂ ಗಲ್ಲದ ಮೇಲೆ ಅಂಗೈ ಅಗಲ. ಪಾಠ ಮಾಡಿ ತೋರಿಸುವ ದಿನಗಳು ಅಷ್ಟರಲ್ಲಿ ಕಳೆದಿದ್ದವು, ಅವಳ ಒಂದು ವರ್ಷ ಹೋಯಿತು. ಮರುವರ್ಷ ಮತ್ತೆ ಶಾಲೆಗೆ ಹೋದಾಗ ಮಕ್ಕಳು ಮೊಡವೆ ಟೀಚರ್ ಎನ್ನಲಿಲ್ಲ. ಸುಟ್ಟ ಟೀಚರ್ ಎಂದವು. ಇದನ್ನು ಅವಳು ನನಗೆ ಹೇಳಲಿಲ್ಲ, ಅವಳ ತಾಯಿ ಹೇಳಿದಳು.

ಒಂದು ಮಧ್ಯಾಹ್ನ ಹುಡುಗಿ ನಮ್ಮ ಮನೆಗೆ ಬಂದಳು. ಮುಖ ಬೆಳಕಿನ ಕಡೆ ಮಾಡಿ ಎದುರು ನಿಂತಳು.

"ಆಯಿ, ಎಲ್ಲಾರೂ ಕಪ್ಪು ಕಲಿ ಹೋಗೇತಿ ಅಂತಾರ. ನೀವು ನೋಡಿ ಹೇಳ್ರಿ."

ನೋಡಿದೆ. ಬಲಗಲ್ಲದ್ದು ಬಹಳ ತಿಳಿಯಾಗಿತ್ತು. "ಎಡಕ್ಕ ಇನ್ನೂ ಐತವಾ. ಮೂಗಿನ ಮಗ್ಗಲಕ್ಕೂ ಐತಿ."

ಅವಳು ತಲೆಯಾಡಿಸಿದಳು. ಚೀಲದಿಂದ ಖಾಲಿಯಾದ ಟ್ಯೂಬ್ ತೆಗೆದಳು. "ಇದು ಮುಗೀತು. ಮೊಡವಿ ಮತ್ತ ಏಳಾಕತ್ತಾವು. ಆ ಆಮ್ಲದ್ದು ಬರತೈತೆಲ್ಲ, ಇನ್ನ ಅದನ್ನ ತಗೋಳ್ಯೋ, ಇದನ್ನಾ ತಗೋಳ್ಯೋ? ನೀವು ಏನಂತೀರಿ?"

ಅವಳು ಮತ್ತೆ ನನ್ನನ್ನೇ ಕೇಳುತ್ತಾಳೆಂದು ನಾನು ಎಣಿಸಿರಲಿಲ್ಲ. ಉತ್ತರ ನಾಲಿಗೆಯ ತುದಿಯವರೆಗೆ ಬಂದಿತ್ತು. ಗಾಯ ಮಾಯ್ದು ಎಷ್ಟೋ ತಿಂಗಳಾಗಿತ್ತು, ಹಚ್ಚಬಹುದು ಎಂದೇ ನನಗೆ ಅನ್ನಿಸುತ್ತಿತ್ತು.

"ನನಗ ಗೊತ್ತಿಲ್ಲ ನಮ್ಮವ್ವಾ" ಎಂದೆ. "ಡಾಕ್ಟರನ್ನ ಕೇಳೂಣ ನಡಿ."

ಧಾರವಾಡದ ಬಸ್ಸಿನಲ್ಲಿ ಅವಳು ಕಿಟಕಿಯ ಬಳಿ ಕುಳಿತಳು. ಊರು ದಾಟಿದ ಮೇಲೆ ಬಿಸಿಲು ಎಡಗಲ್ಲಕ್ಕೆ ಬಿತ್ತು. ಅವಳು ಓಢಣಿಯನ್ನು ಕಣ್ಣಿನ ಕೆಳಗಿನವರೆಗೆ ಎಳೆದು ಕಟ್ಟಿಕೊಂಡಳು. ಬಿಸಿಲು ತಾಗಬಾರದೆಂದು ಡಾಕ್ಟರು ಹೇಳಿದ್ದಕ್ಕೋ, ಎದುರು ಸೀಟಿನಲ್ಲಿದ್ದ ಜನರ ಕಣ್ಣಿಗೋ, ನಾನು ಕೇಳಲಿಲ್ಲ.